ಹಾಟ್‌ಬಾಕ್ಸಿನೊಳಗಿನ ಗಿಟಾರು

ಗಿಟಾರು ಹಗುರ, ಅದರ ಪರಿವಾರ ಭಾರ. ದನಿಯನ್ನು ಒರಟು ಮಾಡುವ ಪೆಡಲೊಂದು, ಪ್ರತಿಧ್ವನಿ ಕೊಡುವುದೊಂದು, ಅಲೆಯಾಡಿಸುವುದೊಂದು, ಇವಿಷ್ಟಕ್ಕೂ ಕರೆಂಟು ಉಣಿಸುವ ಡಬ್ಬ, ಮೇಲೆ ಆಂಪ್ಲಿಫಯರು. ಬಡಾವಣೆಯ ರಾಜ್ಯೋತ್ಸವದಲ್ಲಿ ನಾಲ್ಕು ಹಾಡು ನುಡಿಸಬೇಕೆಂದರೆ ಇದನ್ನೆಲ್ಲ ಎರಡನೇ ಮಹಡಿಯಿಂದ ಇಳಿಸಬೇಕು. ಚಪ್ಪಾಳೆ ಸಿಕ್ಕಿದ್ದು ಮರೆತುಹೋಗುತ್ತದೆ, ಸೊಂಟ ಹಿಡಿದದ್ದು ಯುಗಾದಿವರೆಗೂ ನೆನಪಿರುತ್ತದೆ.

ನನ್ನ ಪಾಡು ನೋಡಲಾರದೆ ಅಕ್ಕನ ಮಗ, "ಮಾವ, ಒಂದು ರಾಸ್ಪ್‌ಬೆರಿ ಪೈ ತಗೊಳ್ಳಿ, ಗಿಟಾರಿಕ್ಸ್ ಹಾಕಿ, ಮುಗೀತು" ಅಂದ. ಯಾವುದೋ ಬೇಕರಿ ತಿನಿಸು ಅಂದುಕೊಂಡೆ. ನೋಡಿದರೆ ಎಟಿಎಂ ಕಾರ್ಡಿನಷ್ಟಗಲದ ಪೂರ್ತಿ ಕಂಪ್ಯೂಟರು! ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಇಂಗ್ಲೆಂಡಿನ ಕೇಂಬ್ರಿಜ್‌ನವರು 2012ರಲ್ಲಿ ಹೊರತಂದದ್ದು. ಗಿಟಾರಿಕ್ಸ್ ಎಂಬುದು ಪುಕ್ಕಟೆ ಸಿಗುವ ತಂತ್ರಾಂಶ. ಪೆಡಲು, ಆಂಪ್ಲಿಫಯರುಗಳ ಕೆಲಸವನ್ನೆಲ್ಲ ಬರೀ ಲೆಕ್ಕದಲ್ಲೇ ಮಾಡಿ ಮುಗಿಸುತ್ತದೆ. ಆದರೆ ಈ ಪುಟಾಣಿಗೆ ಕಿವಿಯಿಲ್ಲ. ಗಿಟಾರಿನ ವೈರು ಸಿಕ್ಕಿಸಲು ಜಾಗವೇ ಇಲ್ಲ! ಅದಕ್ಕೊಂದು ಯುಎಸ್‌ಬಿ ಪೆಟ್ಟಿಗೆ ತಂದದ್ದಾಯಿತು.

ಇನ್ನು ತಂತಿ ಮೀಟಿದ ಮೇಲೆ ದನಿ ತಡವಾಗಿ ಹೊರಡುವ ವಿಚಾರ. ಮದುವೆಮನೆಯ ಪಂಕ್ತಿ ನೆನೆಸಿಕೊಳ್ಳಿ. ಸಾರು ಬಡಿಸುವವನು ದೊಡ್ಡ ಬಕೆಟ್ ತುಂಬುವ ತನಕ ಕಾದರೆ ಎಲೆಯ ಮುಂದೆ ಕೂತವನ ಅನ್ನ ಆರುತ್ತದೆ. ಸಣ್ಣ ಸೌಟಿನಲ್ಲೇ ತಂದರೆ ಸಾರೇನೋ ಬೇಗ ಬರುತ್ತದೆ, ಅವನಿಗೆ ಮಾತ್ರ ಓಡಾಡಿ ಸಾಕಾಗುತ್ತದೆ. ಕಂಪ್ಯೂಟರೂ ಹೀಗೇ. ಸೆಕೆಂಡಿಗೆ 48,000 ಧ್ವನಿಕಣಗಳನ್ನು 128ರ ಸೌಟಿನಲ್ಲಿ ಬಡಿಸಲು ಹೊರಟರೆ 375 ಸಲ ಓಡಬೇಕು. ಒಂದು ಸಲ ಎಡವಿದರೂ ಎಲೆ ಖಾಲಿ. ಸ್ಪೀಕರಿನಲ್ಲಿ ಅದೇ "ಚಟ್" ಅನ್ನುತ್ತದೆ. ಹಾಗಂತ ಚೂರು ತಡವಾದರೆ ಆಕಾಶವೇನೂ ಬೀಳುವುದಿಲ್ಲ. 10 ಮಿಲಿಸೆಕೆಂಡ್ ತಡವೆಂದರೆ ಸ್ಪೀಕರಿನಿಂದ ಹನ್ನೊಂದಡಿ ದೂರ ನಿಂತು ಕೇಳಿದಷ್ಟೇ. ನನ್ನ ಸಂಗೀತವನ್ನು ಮನೆಯವರು ಅದಕ್ಕಿಂತ ದೂರದಿಂದಲೇ ಕೇಳುತ್ತಾರೆ.

ನವೆಂಬರ್ ಒಂದು ಬಂತು. ಬೋರ್ಡಿಗೆ ಪೆಟ್ಟು ತಾಗದಿರಲಿ, ಧೂಳು ಕೂರದಿರಲಿ ಎಂಬ ಕಕ್ಕುಲಾತಿಯಿಂದ ಅಡುಗೆಮನೆಯ ಹಾಟ್‌ಬಾಕ್ಸಿಗೆ ತೂತು ಕೊರೆದು, ಸುತ್ತ ಬಟ್ಟೆ ತುರುಕಿ, ಬೋರ್ಡನ್ನು ಒಳಗೆ ಮಲಗಿಸಿ ಮುಚ್ಚಳ ಹಾಕಿದೆ. ತೊಟ್ಟಿಲ ಕೂಸಿಗೂ ಇಷ್ಟು ಉಪಚಾರ ಸಿಗಲಾರದು. ಎರಡು ಹಾಡು ಜೇನಿನಂತೆ ಹರಿದವು. ಮೂರನೆಯದರ ನಡುವೆ ಶುರುವಾಯಿತು ನೋಡಿ, ಕಾದೆಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ, ಚಟಪಟ! ನಾನು ಗಿಟಾರಿನ ಕಿವಿ ಹಿಂಡಿದೆ, ವೈರು ಅಲುಗಾಡಿಸಿದೆ, ಕೊನೆಗೆ ದಾರಿ ಕಾಣದೆ ಗಂಭೀರವಾಗಿ ಕಣ್ಣು ಮುಚ್ಚಿಕೊಂಡೆ.

ಮುಗಿದ ಮೇಲೆ ಎದುರು ಮನೆಯ ಹಿರಿಯರು ಬಂದು, "ಮಧ್ಯೆ ಮಳೆ ಬಂದಂಗೆ ಮಾಡಿದ್ರಲ್ಲ, ಬಹಳ ಚೆನ್ನಾಗಿತ್ತು" ಅಂದರು. ನಾನು ವಿನಯದಿಂದ ತಲೆ ಬಾಗಿಸಿದೆ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ಹೆಂಡತಿಯ ಮುಂದೆ ಆ ಉಪಾಯ ನಡೆಯಬೇಕಲ್ಲ! ಇತಿಹಾಸದ ಮೊರೆಹೊಕ್ಕೆ. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್ ಹಾಡೊಂದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಧ್ವನಿಮುದ್ರಣ ಆಗುವಾಗ ಯಂತ್ರ ಕೆಟ್ಟು ಗ್ರೇಡಿ ಮಾರ್ಟಿನ್ ನುಡಿಸಿದ ಗಿಟಾರು ದುಂಬಿಯಂತೆ ಗುರುಗುಟ್ಟಿತು. ಆ ಕೆಟ್ಟ ಸದ್ದೇ ಜನಕ್ಕೆ ಹಿಡಿಸಿ, ಮರುವರ್ಷ ಅದನ್ನು ಬೇಕೆಂದೇ ಹೊರಡಿಸುವ ಫಝ್ ಪೆಡಲು ಅಂಗಡಿಗೆ ಬಂತು. "ಕೆಟ್ಟದ್ದೂ ಒಮ್ಮೊಮ್ಮೆ ಕಲೆಯಾಗುತ್ತೆ ಕಣೇ" ಅಂದೆ.

ಅವಳು ಹಾಟ್‌ಬಾಕ್ಸಿನ ಮುಚ್ಚಳ ತೆಗೆದು ಬೋರ್ಡಿಗೆ ಬೆರಳು ತಾಗಿಸಿ, ತಟ್ಟನೆ ಹಿಂದೆಳೆದುಕೊಂಡಳು. "ರೀ, ಬಿಸಿ ಆರಬಾರದು ಅಂತಲೇ ಇದನ್ನ ಮಾಡಿರೋದು. ಹೆಸರಲ್ಲೇ ಇದೆಯಲ್ರೀ!"

ಬೋರ್ಡಿನ ಚಿಪ್ 80 ಡಿಗ್ರಿ ಮುಟ್ಟಿದರೆ ಜೀವ ಉಳಿಸಿಕೊಳ್ಳಲು ತಾನೇ ನಿಧಾನಿಸುತ್ತದೆ. ಬಡಿಸುವವನಿಗೇ ಸೆಖೆ ಹತ್ತಿದರೆ ಸೌಟು ಹೊತ್ತಿಗೆ ಸರಿಯಾಗಿ ಬರುವುದೆಲ್ಲಿಂದ?

ಈಗ ಬೋರ್ಡು ಈರುಳ್ಳಿಯ ತಂತಿಬುಟ್ಟಿಯಲ್ಲಿ ಗಾಳಿ ಕುಡಿಯುತ್ತಾ ಹಾಯಾಗಿದೆ. ತೂತು ಬಿದ್ದ ಹಾಟ್‌ಬಾಕ್ಸ್ ಮಾತ್ರ ಅಡುಗೆಮನೆಗೆ ವಾಪಸಾಗಿದೆ. ತಟ್ಟೆಗೆ ತಣ್ಣನೆ ಇಡ್ಲಿ ಬಿದ್ದ ದಿನ ನಾನು ಏನೂ ಕೇಳುವುದಿಲ್ಲ.