ಫೋನ್ ಒಳಗಿಡಿ ಸ್ವಾಮಿ!

ಮ್ಯಾಡ್ರಿಡ್‌ಗೆ ಓದೋಕೆ ಅಂತ ಬಂದ ನಮ್ಮೂರ ಹುಡುಗ್ರು ಮೊಟ್ಟಮೊದಲು ಏನು ಕಲೀತಾರೆ, ಹೇಳಿ ನೋಡೋಣ? ಸ್ಪ್ಯಾನಿಷ್ಷಾ? ಎಲ್ಲಿ ಬಂತು! ಪ್ರಾದೋ ಮ್ಯೂಸಿಯಂ ಎಷ್ಟು ಹೊತ್ತಿಗೆ ಫ್ರೀ ಅನ್ನೋದನ್ನ. ಸೋಮವಾರದಿಂದ ಶನಿವಾರ ಸಂಜೆ 6ರಿಂದ 8, ಭಾನುವಾರ 5ರಿಂದ 7. ನಗಬೇಡಿ, ನೀವಾಗಿದ್ರೂ ಅಷ್ಟೇ. (18ರಿಂದ 25 ವಯಸ್ಸಿನ ಸ್ಟೂಡೆಂಟ್‌ಗಳಿಗೆ ಕಾರ್ಡ್ ತೋರಿಸಿದ್ರೆ ಯಾವಾಗ್ಲೂ ಫ್ರೀನೇ. ಆದ್ರೆ ಅಷ್ಟುದ್ದ ಕ್ಯೂ ಕಂಡ ಮೇಲೆ ನಿಂತ್ಕೊಳ್ಳದೆ ಹೋಗೋಕೆ ಮನಸ್ಸು ಬರುತ್ತಾ ನಿಮಗೆ?)

ಒಳಗೆ ಹೋದ್ರಿ. ಎರಡು ಗಂಟೇಲಿ ಗೋಯಾ, ಎಲ್ ಗ್ರೆಕೋ, ಬಾಷ್ ಎಲ್ಲಾ 'ಕವರ್' ಮಾಡ್ಬೇಕು. ಕೈ ತಾನಾಗೇ ಜೇಬಿಗೆ ಹೋಯ್ತು, ಫೋನ್ ಹೊರಗೆ ಬಂತು. ಮೂಲೇಲಿ ಕೂತಿದ್ದ ಗಾರ್ಡಮ್ಮ ಎದ್ದು ಬಂದು ಬೆರಳು ಆಡಿಸಿದ್ಲು. ಪ್ರಾದೋದಲ್ಲಿ ಫೋಟೋ ತೆಗೆಯಂಗಿಲ್ಲ! ಈಗೇನ್ಮಾಡ್ತೀರಿ? ಬೇರೆ ದಾರಿಯಿಲ್ಲ, ಚಿತ್ರವನ್ನೇ ನೋಡ್ಬೇಕು. ಪಾಪ.

ಬನ್ನಿ, ವೆಲಾಸ್ಕೆಜ್ ಹತ್ರ ಹೋಗೋಣ. 'ಲಾಸ್ ಮೆನಿನಾಸ್', 1656ರದ್ದು, ಆಳೆತ್ತರಕ್ಕಿಂತ ಎಷ್ಟೋ ದೊಡ್ಡದು. ನೀವು ನೋಡೋಕೆ ನಿಂತ್ರೆ ಚಿತ್ರದಲ್ಲಿರೋರೇ ನಿಮ್ಮನ್ನ ನೋಡ್ತಾರೆ! ಪುಟ್ಟ ರಾಜಕುಮಾರಿ ಮಾರ್ಗರೀತಾ ನೋಡ್ತಾಳೆ, ಕುಂಚ ಹಿಡಿದ ವೆಲಾಸ್ಕೆಜ್ ನೋಡ್ತಾನೆ. ಹಿಂದಿನ ಗೋಡೆಯ ಕನ್ನಡಿಯಲ್ಲಿ ರಾಜ ನಾಲ್ಕನೇ ಫಿಲಿಪ್, ರಾಣಿ ಇಬ್ಬರೂ ಮಸುಕು ಮಸುಕಾಗಿ ಕಾಣ್ತಾರೆ. ಹಾಗಾದ್ರೆ ಅವರು ನಿಂತಿರೋದೆಲ್ಲಿ? ಸುಮಾರಾಗಿ ನೀವು ನಿಂತಿರೋ ಜಾಗದಲ್ಲೇ ಕಣ್ರೀ. ಪುಕ್ಕಟೆ ಬಂದವರಿಗೆ ಸಿಂಹಾಸನದ ಮರ್ಯಾದೆ. ಅದಕ್ಕೊಂದು ಫೋಟೋ ಇಲ್ವಲ್ಲಾ ಅಂತ ಹೊಟ್ಟೆ ಉರೀತಿದೆ, ಅಲ್ವಾ?

ಸಮಾಧಾನ ಮಾಡ್ಕೊಳ್ಳಿ, ಒಂದು ಗುಟ್ಟು ಹೇಳ್ತೀನಿ. ವೆಲಾಸ್ಕೆಜ್ ಎದೆ ಮೇಲೆ ಒಂದು ಕೆಂಪು ಶಿಲುಬೆ ಇದೆ, ನೋಡಿ. ಸಾಂತಿಯಾಗೋ ಅನ್ನೋ ನೈಟ್‌ಗಳ ಪಂಗಡದ ಗೌರವದ ಗುರುತು ಅದು. ಆ ಗೌರವ ಅವನಿಗೆ ಸಿಕ್ಕಿದ್ದು 1659ರಲ್ಲಿ, ಅಂದ್ರೆ ಚಿತ್ರ ಮುಗಿದು ಮೂರು ವರ್ಷದ ಮೇಲೆ. ಶಿಲುಬೆ ಆಮೇಲೆ ಸೇರಿಸಿದ್ದು! (ರಾಜನೇ ಕೈಯಾರೆ ಬರೆದ ಅಂತ ಒಂದು ಕಥೆಯೂ ಇದೆ. ಕಥೆ, ಅಷ್ಟೇ.) ಪ್ರಮೋಷನ್ ಬಂದ ತಕ್ಷಣ ಪ್ರೊಫೈಲ್ ಬದಲಾಯಿಸೋ ನಿಮ್ಮ ಚಾಳಿಗೆ ಎಂಥಾ ದೊಡ್ಡ ಮನೆತನ ನೋಡಿ. ಇಡೀ ಚಿತ್ರದಲ್ಲಿ ಯಾರು ಬಂದ್ರೂ ಕೇರೇ ಇಲ್ಲದೆ ಇರೋದು ಒಂದೇ ಜೀವ: ಮುಂದುಗಡೆ ಮಲಗಿರೋ ನಾಯಿ. ಹುಡುಗನೊಬ್ಬ ಕಾಲಲ್ಲಿ ಒತ್ತಿದ್ರೂ ಏಳಲ್ಲ.

ರೇನಾ ಸೋಫಿಯಾ ಮ್ಯೂಸಿಯಂನಲ್ಲಿ ಮಾತ್ರ ನಿಮಗೆ ಹಬ್ಬ. ಪಿಕಾಸೋನ 'ಗೆರ್ನಿಕಾ'ದ ಫೋಟೋ ತೆಗೆಯೋಕೆ 2023ರಿಂದ ಬಿಟ್ಟಿದ್ದಾರೆ. (ಮಂಗಳವಾರ ರಜಾ. ನೀವು ಹೋಗೋದೂ ಮಂಗಳವಾರಾನೇ, ಗೊತ್ತು.) 1937ರಲ್ಲಿ ಬಾಂಬು ಬಿದ್ದ ಊರಿನ ಚಿತ್ರ ಅದು. ಅಗಲ ಏಳೂಮುಕ್ಕಾಲು ಮೀಟರ್, ಬಣ್ಣ ಬರೀ ಕಪ್ಪು, ಬಿಳಿ, ಬೂದು. ಎಡಕ್ಕೆ ಸತ್ತ ಮಗೂನ ಎತ್ಕೊಂಡು ಬಾಯಿ ತೆರೆದು ಕೂಗೋ ತಾಯಿ ಇದ್ದಾಳೆ. ಅವಳ ಪಕ್ಕ ಹಲ್ಲು ಬಿಟ್ಟು ಸೆಲ್ಫಿ ತೆಗೆದುಕೊಳ್ಳೋರನ್ನ ನೋಡಿದೀನಿ. ನೀವು ಅಂಥವರಲ್ಲ ಬಿಡಿ. (ಅಲ್ಲ ತಾನೇ?)

ಹೊಟ್ಟೆ ಚುರುಗುಟ್ತಿದೆಯಾ? ತಡೀರಿ, ಇಲ್ಲಿ ರಾತ್ರಿ ಊಟ ಅಂದ್ರೆ 9 ಆದ್ಮೇಲೇ. ವೆಜ್ ಅಂತ ನಂಬಿ ಎನ್ಸಲಾದಾ ಮಿಕ್ಸ್ತಾ ಅನ್ನೋ ಸಲಾಡ್ ತರಿಸಿದ್ರೆ ಸೊಪ್ಪಿನ ಮೇಲೆ ಟ್ಯೂನಾ ಮೀನು ಕೂತ್ಕೊಂಡು ಬರುತ್ತೆ, ಹುಷಾರು.

ಕಡೇಗೆ ಫ್ಲಮೆಂಕೋ. ಚಪ್ಪಾಳೆ ಕೇಳಿದ ಕೂಡ್ಲೇ ನಿಮ್ಮ ಕೈ ಸುಮ್ನಿರಲ್ಲ, ಅಲ್ವಾ? ಬೇಡ! ಅಲ್ಲಿ ಚಪ್ಪಾಳೆ ಅಂದ್ರೆ ಪಾಲ್ಮಾಸ್, ಗಿಟಾರಿನಷ್ಟೇ ಕಲಿತು ನುಡಿಸೋ ವಾದ್ಯ. 'ಓಲೇ' ಅಂತ ಬೇಕಾದ್ರೆ ಕೂಗಿ, ಯಾರೂ ಬೇಡ ಅನ್ನಲ್ಲ. ಆದ್ರೆ ಕಚೇರಿ ಕೇಳಿ ಬೆಳೆದವರಲ್ವಾ ನೀವು, ಮೆಲ್ಲಗೆ ತೊಡೆ ಮೇಲೆ ಆದಿತಾಳ ಶುರು ಮಾಡ್ತೀರಿ. ಸೊಲೆಯಾ ಅನ್ನೋ ಫ್ಲಮೆಂಕೋ ಪ್ರಕಾರದ ಲೆಕ್ಕ 12ರದ್ದು. ಒತ್ತು 3, 6, 8, 10, 12ಕ್ಕೆ. ನಿಮ್ಮ ಎಂಟು ಮುಗಿದು ಮತ್ತೆ ಒಂದಕ್ಕೆ ಬರೋ ಹೊತ್ತಿಗೆ ಹಾಡೋನು ಇನ್ನೆಲ್ಲೋ ಇರ್ತಾನೆ. ಪಕ್ಕದ ಅಜ್ಜಿ ನಿಮ್ಮ ತೊಡೆ ನೋಡಿ ಹುಬ್ಬು ಹಾರಿಸ್ತಾರೆ. ಆಗ ಹೋಗ್ಲಿ ಅಂತ ಫೋನ್ ತೆಗೆದು ರೆಕಾರ್ಡ್ ಒತ್ತಿಬಿಡ್ತೀರಿ. ಫೋನಿಗೆ ತಾಳ ತಪ್ಪಲ್ಲ ನೋಡಿ.