ಒಂದು ಹಲ್ಲು ಆಚೆ, ಒಂದು ಹಲ್ಲು ಈಚೆ

ಹಳೇ ಪೋರ್ಷೆ 911 ಕೊಂಡವರಿಗೆ ಮೊದಲ ವಾರವೆಲ್ಲ ಎಂಜಿನ್ನಿನ ಸದ್ದೇ ಸಂಗೀತ. ಎರಡನೇ ವಾರ ಹಿಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದಿ ಕಣ್ಣಿಗೆ ಬೀಳುತ್ತದೆ. ಎಡಗಡೆ ಎರಡು ಬೆರಳು, ಬಲಗಡೆ ಎರಡೂವರೆ! ಆಮೇಲೆ ಊಟ ರುಚಿಸುವುದಿಲ್ಲ. ಕಾರ್ಖಾನೆಯ ಕೈಪಿಡಿ ಈ ಸಂದಿಯನ್ನು ಲೆಕ್ಕಕ್ಕೇ ಹಿಡಿಯದೆ, ಚಕ್ರದ ನಡುವಿಗೂ ಟಾರ್ಷನ್ ಬಾರಿನ ನಡುವಿಗೂ ಇರುವ ಎತ್ತರದ ವ್ಯತ್ಯಾಸ ಅಳೆಯಿರಿ ಎನ್ನುತ್ತದೆ. ಅದನ್ನು ಓದುವ ವ್ಯವಧಾನ ಯಾರಿಗಿದೆ?

1963ರಲ್ಲಿ ಫ್ರಾಂಕ್‌ಫರ್ಟ್ ಮೇಳದಲ್ಲಿ ಮುಖ ತೋರಿಸಿದ ಈ ಕಾರು 1980ರ ದಶಕದ ಕೊನೆಯವರೆಗೂ ಸುರುಳಿ ಸ್ಪ್ರಿಂಗಿನ ಗೊಡವೆಗೆ ಹೋಗಲಿಲ್ಲ. ಭಾರ ಹೊರುವುದು ಮೈ ತಿರುಚಿಕೊಳ್ಳುವ ಉಕ್ಕಿನ ಸರಳು, ಅದೇ ಟಾರ್ಷನ್ ಬಾರ್. ಮುಂದುಗಡೆ ಒಂದು ಸ್ಕ್ರೂ ತಿರುಗಿಸಿದರೆ ಮೂತಿ ಏಳುತ್ತದೆ, ಇಳಿಯುತ್ತದೆ. ಹಳೆಯ ಮಾದರಿಗಳ ಹಿಂದುಗಡೆ ಅಷ್ಟು ಕರುಣೆ ಇಲ್ಲ.

ಅಲ್ಲಿ ಸರಳಿನ ಒಳತುದಿಗೆ 40 ಹಲ್ಲು, ಹೊರತುದಿಗೆ 44. ಒಳಗೆ ಒಂದು ಹಲ್ಲು ಸರಿಸಿದರೆ 9 ಡಿಗ್ರಿ. ಹೊರಗೆ ಒಂದು ಹಲ್ಲು ಹಿಂದಕ್ಕೆ ಬಂದರೆ 8.18 ಡಿಗ್ರಿ. ಉಳಿದದ್ದು ಒಂದು ಡಿಗ್ರಿಗೂ ಕಡಿಮೆ. ಜಾಣ ಲೆಕ್ಕವೇ, ಕಾಗದದ ಮೇಲೆ. ಕಾರಿನಡಿ ಅಂಗಾತ ಮಲಗಿದ ಮಾಲೀಕ ಮಾತ್ರ ಸರಳಿನ ಹೊರತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಪಟ್ಟಿಯನ್ನು ಹುಷಾರಾಗಿ ಎಳೆಯುತ್ತಾನೆ. ಬರುವುದಿಲ್ಲ. ಇನ್ನಷ್ಟು ಎಳೆಯುತ್ತಾನೆ. ಬರುತ್ತದೆ, ಜೊತೆಗೆ ಸರಳೂ ಬರುತ್ತದೆ! ಒಳಗಿನ 40 ಹಲ್ಲಿನಲ್ಲಿ ಯಾವುದು ಯಾವುದಕ್ಕೆ ಕೂತಿತ್ತೋ ಆ ದೇವರೇ ಬಲ್ಲ. ಮೊದಲೇ ಬಿಳಿ ಬಣ್ಣದಲ್ಲಿ ಗುರುತು ಹಾಕಿಕೊಂಡಿದ್ದನಲ್ಲ? ಹಾಕಿದ್ದ, ಗ್ರೀಸಿನ ಮೇಲೆ. ಈಗದು ಅವನ ಅಂಗಿಯ ತೋಳಿನ ಮೇಲಿದೆ. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಕಬ್ಬಿಣದ ಹಲ್ಲು ಎಣಿಸತೊಡಗುತ್ತಾನೆ. ಹದಿನೇಳಕ್ಕೆ ಬಂದಾಗ ಮನೆಯೊಳಗಿನಿಂದ ಯಾರೋ ಕಾಫಿ ಬೇಕಾ ಎಂದು ಕೇಳುತ್ತಾರೆ. ಮತ್ತೆ ಒಂದರಿಂದ.

ಎಡಬಲದ ಸರಳು ಅದಲುಬದಲಾಗುವಂತಿಲ್ಲ. ತಿರುಚುವ ದಿಕ್ಕಿಗೆ ತಕ್ಕಂತೆ ಅವನ್ನು ಮೊದಲೇ ಪಳಗಿಸಿರುತ್ತಾರೆ. ಇನ್ನು ಆ ಪಟ್ಟಿ ತಾನು ಕೂತ ಅಂಚಿನಿಂದ ಜಾರಿದರೆ ತಟ್ಟನೆ ಕೆಳಗೆ ಬಡಿಯುತ್ತದೆ. ಜಾಕ್ ಕೊಡದೆ ಬಿಚ್ಚುವವರ ಬೆರಳು ಉಳಿಯುವ ಭರವಸೆ ಇಲ್ಲ. ಫೋಟೋ ಚೆನ್ನಾಗಿ ಬರಲೆಂದು ಕಾರನ್ನು ನೆಲಕ್ಕೆ ಒತ್ತುವ ಶೋಕಿಗೆ ಇಷ್ಟೊಂದು ಅಪಾಯ ದಂಡ.

ಎತ್ತರ ಬದಲಾದರೆ ಟೋ, ಕ್ಯಾಂಬರ್ ಎಂಬ ಚಕ್ರದ ಕೋನಗಳೆರಡೂ ಬದಲು. ಹಾಗಾಗಿ ಅಲೈನ್‌ಮೆಂಟಿಗೆ ಹೋಗಲೇಬೇಕು. ಅಲ್ಲಿಯವರು ಟ್ಯಾಂಕ್ ಫುಲ್ ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ. 911ರ ಪೆಟ್ರೋಲ್ ಟ್ಯಾಂಕ್ ಇರುವುದು ಮೂತಿಯಲ್ಲಿ. ತುಂಬಿಸಿದೊಡನೆ ಮೂತಿ ಇಳಿಯುತ್ತದೆ, ಮಾಲೀಕ ಪೆಟ್ರೋಲ್ ಬಂಕಿನಲ್ಲೇ ಬಗ್ಗಿ ಬೆರಳಿಟ್ಟು ಸಂದಿ ಅಳೆಯುತ್ತಾನೆ.