ಗಾಳಿಗೊಂದು ಹಿಂಬಾಗಿಲು

ಬೆಂಗಳೂರಿನ ಬ್ರೋಕರುಗಳು ತೋರಿಸುವ ಮನೆಗಳಿಗೆಲ್ಲ ಮೂರು ಗುಣ ತಪ್ಪದೆ ಇರುತ್ತವೆ: ಬಸ್‌ಸ್ಟಾಪು ಹತ್ತಿರ, ಓನರು ಒಳ್ಳೆಯವರು, ಗಾಳಿ-ಬೆಳಕು ಚೆನ್ನಾಗಿದೆ. ಮೊದಲನೆಯದನ್ನು ನಡೆದು ನೋಡಬಹುದು. ಎರಡನೆಯದು ಅಡ್ವಾನ್ಸ್ ವಾಪಸು ಕೇಳಿದ ದಿನ ತಿಳಿಯುತ್ತದೆ. ಮೂರನೆಯದನ್ನು ಪರೀಕ್ಷಿಸುವ ಉಪಾಯ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಮನೆ ತೋರಿಸುವಾಗ ಬಾಗಿಲು ಹಾರುಹೊಡೆದಿರುತ್ತದೆ, ಸಾಮಾನು ಇರುವುದಿಲ್ಲ, ಒಲೆ ಉರಿಯುತ್ತಿರುವುದಿಲ್ಲ. ಖಾಲಿ ಮನೆಯಲ್ಲಿ ಗಾಳಿ ಎಲ್ಲರಿಗೂ ಸಾಲುತ್ತದೆ.

ನಮ್ಮದು 20x30 ಸೈಟಿನ ಮೇಲೆದ್ದ ಕಟ್ಟಡದ ತುತ್ತತುದಿಯಲ್ಲಿ, ನೀರಿನ ಟ್ಯಾಂಕಿಗೆ ಬಿಟ್ಟು ಮಿಕ್ಕ ಜಾಗದಲ್ಲಿ ಕಟ್ಟಿದ ಶೀಟ್ ಮನೆ. 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆ, ಅದಕ್ಕೆ ತಗುಲಿಕೊಂಡು ಒಂದು ಬಚ್ಚಲು. ಕೋಣೆಯ ಒಂದು ಮೂಲೆಗೆ ಅಡುಗೆಮನೆಯೆಂದೂ ಇನ್ನೊಂದಕ್ಕೆ ದೇವರಮನೆಯೆಂದೂ ಹೆಸರು. ಮಂಚದ ಮೇಲೆ ಮಗ್ಗುಲು ಬದಲಿಸಿದರೆ ಬೆಡ್‌ರೂಮಿನಿಂದ ಹಾಲ್‌ಗೆ ಬಂದಂತಾಗುತ್ತಿತ್ತು. ಇದ್ದದ್ದು 3 ಅಡಿಗೆ 4 ಅಡಿಯ ಒಂದೇ ಕಿಟಕಿ. ಒಣಹವೆಯ ಬಿಸಿಲುನಾಡಿನಲ್ಲಿ ಬಾಗಿಲನ್ನು ಬಿಟ್ಟು ಉಳಿದ ಕಿಂಡಿಗಳು ನೆಲದ ಅಳತೆಯ ಹತ್ತನೇ ಒಂದು ಭಾಗವಾದರೂ ಇರಬೇಕು, ತೇವದ ಸೆಕೆಯ ನಾಡಿನಲ್ಲಿ ಆರನೇ ಒಂದು ಭಾಗ ಇರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಬೆಂಗಳೂರನ್ನು ಒಣಹವೆಯ ಲೆಕ್ಕಕ್ಕೇ ಸೇರಿಸಿಕೊಂಡರೆ 120 ಚದರ ಅಡಿಗೆ 12 ಚದರ ಅಡಿ. ಕಾಗದದ ಮೇಲೆ ನಮ್ಮ ಮನೆ ಜಸ್ಟ್ ಪಾಸು.

ಗಾಳಿ ಕಾಗದ ನೋಡಿ ಬರುವುದಿಲ್ಲವಲ್ಲ! ಬಾಗಿಲು ಪೂರ್ವದ ಗೋಡೆಯಲ್ಲಿ, ಕಿಟಕಿ ಉತ್ತರದ ಗೋಡೆಯಲ್ಲಿ, ಎರಡೂ ಈಶಾನ್ಯ ಮೂಲೆಗೆ ಅಂಟಿಕೊಂಡಿದ್ದವು. ಅಪ್ಪಟ ವಾಸ್ತು ಎಂದು ಓನರ್ ಆಂಟಿಗೆ ಬಲು ಹೆಮ್ಮೆ. ಬಾಗಿಲಿನಿಂದ ಬಂದ ಗಾಳಿ ಚಪ್ಪಲಿ ಬಿಟ್ಟ ಜಾಗವನ್ನಷ್ಟೇ ನೋಡಿಕೊಂಡು ಕಿಟಕಿಯಿಂದ ಹೊರಟುಹೋಗುತ್ತಿತ್ತು. ಮಂಚದವರೆಗೆ ಬಂದು ಕ್ಷೇಮ ವಿಚಾರಿಸಿದ ದಾಖಲೆಯಿಲ್ಲ. ಕಿಟಕಿಯಾಚೆ ಇರಬೇಕಾಗಿದ್ದ ಸೆಟ್‌ಬ್ಯಾಕನ್ನು ಎರಡೂ ಕಟ್ಟಡದ ಓನರುಗಳು "ಅವರು ಬಿಡಲಿ" ಎಂದು ಪರಸ್ಪರರಿಗೆ ಬಿಟ್ಟಿದ್ದರಿಂದ ಅದು ಎಲ್ಲಿಯೂ ಉಳಿದಿರಲಿಲ್ಲ. ಪಕ್ಕದ ಮನೆಯಾಕೆ ಕೊತ್ತಂಬರಿ ಸೊಪ್ಪನ್ನು ಕೈಯಿಂದ ಕೈಗೇ ದಾಟಿಸುತ್ತಿದ್ದರು. ಅವರು ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಕೆಮ್ಮುವವರು ನಾವು.

ಬೇಸಿಗೆಯಲ್ಲಿ ಶೀಟು ಕಾದು ಮನೆ ಇಡ್ಲಿ ಪಾತ್ರೆಯಾಗುತ್ತಿತ್ತು. ಮಳೆಗಾಲದಲ್ಲಿ ಬೀರುವಿನ ಹಿಂದೆ ಬೂಷ್ಟು ಹಿಡಿಯುತ್ತಿತ್ತು. ಶೀಟು ಸೋರದೆ ಗೋಡೆಗೆ ಈ ತೇವ ಎಲ್ಲಿಂದ ಎಂದು ನನಗೆ ಆಶ್ಚರ್ಯ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ನಮ್ಮಾಕೆಗೆ ಇಲ್ಲ.

"ಗ್ಯಾಸ್ ಉರಿದರೆ ನೀರು ಹುಟ್ಟುತ್ತೆ ರೀ. ಒಂದು ಕೇಜಿ ಉರಿದರೆ ಸುಮಾರು ಒಂದೂವರೆ ಲೀಟರಿಗೂ ಮೇಲೆ. ನಮ್ಮ 14.2 ಕೇಜಿ ಸಿಲಿಂಡರು ಖಾಲಿಯಾಗೋ ಹೊತ್ತಿಗೆ 22 ಲೀಟರ್ ನೀರು ಹಬೆಯಾಗಿ ಈ ಕೋಣೆ ಸೇರಿರುತ್ತೆ. ಅನ್ನದ ಹಬೆ, ಒದ್ದೆ ಬಟ್ಟೆ ಬೇರೆ."

ಕಾವೇರಿ ನೀರು ತಪ್ಪಿದ ದಿನವೂ ನಮ್ಮ ಗೋಡೆಗೆ ಸರಬರಾಜು ತಪ್ಪದ ಗುಟ್ಟು ಆಗ ತಿಳಿಯಿತು. ಆಕೆ ಅಷ್ಟಕ್ಕೇ ಬಿಡಲಿಲ್ಲ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಎಳೆದು ಬಿಡುತ್ತಾನೆ, ಬಿಟ್ಟ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡು ಹೊರಗಿನ ಗಾಳಿಗಿಂತ ನೂರುಪಟ್ಟು ಹೆಚ್ಚು ಎಂದಳು. "ಅದಕ್ಕೇ ಬೆಳಿಗ್ಗೆ ಎದ್ದಾಗ ನಿಮಗೆ ತಲೆ ಭಾರ. ಒಳಗೆ ಏನಾದರೂ ಇದೆ ಅಂತ ತಿಳಕೋಬೇಡಿ."

ಪರಿಹಾರಕ್ಕೆ ಮೊದಲು ನಂಬಿದ್ದು ಸೀಲಿಂಗ್ ಫ್ಯಾನನ್ನು. ಅದು ಹೊಸ ಗಾಳಿಯನ್ನು ತರುವುದಿಲ್ಲ. ಮೈಬೆವರು ಆರಿಸಿ ತಂಪಾಯಿತು ಎನ್ನಿಸುತ್ತದೆ, ಅಷ್ಟೆ. ನಮ್ಮ ಮನೆಯಲ್ಲಂತೂ ಶೀಟಿನ ಕೆಳಗೆ ಕಾದು ಕೂತ ಗಾಳಿಯನ್ನು ಕೆಳಗಿಳಿಸಿ ನಮ್ಮ ನೆತ್ತಿಯ ಮೇಲೆ ಸುರಿಯುತ್ತಿತ್ತು. ಬೀದಿಕೊನೆಯ ಎಲೆಕ್ಟ್ರಿಷಿಯನ್ ಬಂದು, "ಎಕ್ಸಾಸ್ಟ್ ಫ್ಯಾನ್ ಹಾಕ್ಸಿ ಸಾರ್, ಮನೆ ಊಟಿ ಆಗುತ್ತೆ" ಎಂದು ಅಭಯವಿತ್ತ. ಹಾಕಿದ್ದೂ ಆಯಿತು. ಸಂಜೆ ಸೊಳ್ಳೆ ಬರುತ್ತದೆಂದು ಬಾಗಿಲು ಕಿಟಕಿ ಮುಚ್ಚಿ ಫ್ಯಾನು ಹಾಕಿದರೆ ಮನೆ ಊಟಿಯಾಗಲಿಲ್ಲ, ಮೋರಿಯಾಯಿತು. ಎಕ್ಸಾಸ್ಟ್ ಫ್ಯಾನು ಗಾಳಿಯನ್ನು ಹೊರಕ್ಕೆ ದಬ್ಬುತ್ತದೆ ನಿಜ. ದಬ್ಬಿದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಮಿಕ್ಕ ದಾರಿಗಳೆಲ್ಲ ಮುಚ್ಚಿದ್ದರಿಂದ ಅದು ಬಚ್ಚಲಿನ ಜಾಲರಿಯಿಂದ ತನ್ನ ಪರಿಮಳಸಮೇತ ಆಗಮಿಸಿತು.

ಆ ಹೊತ್ತಿಗೆ ಸರಿಯಾಗಿ ಹಾಸನದ ಕಡೆಯ ಹಳ್ಳಿಯಿಂದ ಮಾವನವರು ಬಂದರು. ತೊಟ್ಟಿಮನೆಯಲ್ಲಿ ಹುಟ್ಟಿ ಬೆಳೆದ ಜೀವ. ಒಳಗೆ ಬಂದು ಕೂತವರು ಶಲ್ಯದಲ್ಲಿ ಗಾಳಿ ಬೀಸಿಕೊಳ್ಳುತ್ತ, "ಏನ್ ಅಳಿಯಂದ್ರೇ, ಬಾಡಿಗೇಲಿ ಗಾಳಿ ಸೇರಿಲ್ವೋ?" ಎಂದರು. ರಾತ್ರಿ ಅವರು ಟ್ಯಾಂಕಿನ ಪಕ್ಕ ಚಾಪೆ ಹಾಸಿಕೊಂಡರು. "ಒಳಗೆ ಮಲಗಿ ಮಾವ" ಎಂದು ಉಪಚಾರಕ್ಕೆ ಕರೆದರೆ, "ನೀವೂ ಬನ್ನಿ, ಇಲ್ಲಿ ಜಾಗ ಇದೆ" ಎಂದರು.

ತೊಟ್ಟಿಮನೆಯ ಮರ್ಮವನ್ನು ಬಿಡಿಸಿ ಹೇಳಿದವರು ಅವರೇ. ನಡುವಿನ ತೊಟ್ಟಿಯಲ್ಲಿ ಬಿಸಿಲಿಗೆ ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ಆ ತೆರವು ತುಂಬಲು ಜಗಲಿಯ ನೆರಳಿನ ತಂಪು ಗಾಳಿ ಕೋಣೆಗಳನ್ನು ಹಾದು ಒಳಗೆ ಬರುತ್ತದೆ. ಬರುವ ದಾರಿ ಕೆಳಗೆ, ಹೋಗುವ ದಾರಿ ಮೇಲೆ. ಎರಡರ ನಡುವೆ ಎತ್ತರ ಹೆಚ್ಚಿದಷ್ಟೂ ಸೆಳೆತ ಜಾಸ್ತಿ. ಹಳೆಯ ಮನೆಗಳಲ್ಲಿ ಸೂರಿನಡಿ ಗವಾಕ್ಷಿ ಇಡುತ್ತಿದ್ದುದು ಗುಬ್ಬಿ ಗೂಡು ಕಟ್ಟಲಿ ಎಂದಲ್ಲ.

ದೊಡ್ಡವರೂ ಇದಕ್ಕಾಗಿ ತಲೆ ಕೆಡಿಸಿಕೊಂಡಿದ್ದಾರೆ. ಜೈಪುರದ ದೊರೆ 1799ರಲ್ಲಿ ಹವಾಮಹಲ್ ಕಟ್ಟಿಸಿ 953 ಕಿಟಕಿ ಇಡಿಸಿದ; ನಮ್ಮ ಪಾಲಿಗೆ ಬಂದದ್ದು ಒಂದು. ಇರಾನಿನ ಯಜ್ದ್ ಊರಿನವರು ಮನೆಯ ಮೇಲೆ ಗೋಪುರ ಎಬ್ಬಿಸಿ ಮರುಭೂಮಿಯ ಗಾಳಿಯನ್ನು ಹಿಡಿದು ಕೆಳಗಿಳಿಸಿದರು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಬಗ್ಗೆ ಬರೆದ ಪುಸ್ತಕದಲ್ಲಿ ಔಷಧಿಗೂ ಮುಂಚೆ ಇಟ್ಟ ನಿಯಮ, ರೋಗಿಯ ಕೋಣೆಯ ಗಾಳಿ ಹೊರಗಿನಷ್ಟೇ ಶುದ್ಧವಾಗಿರಲಿ ಎಂಬುದು. ಬೆಂಗಳೂರಂತೂ ಈ ಪಾಠವನ್ನು ಪ್ರಾಣ ತೆತ್ತು ಕಲಿತ ಊರು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಮನೆಗಳನ್ನು ಹಿಂಡಿದ ಮೇಲೆ ಜನ ಮಲ್ಲೇಶ್ವರ, ಬಸವನಗುಡಿಗಳ ಕಡೆ ಮುಖ ಮಾಡಿದರು. ಅಲ್ಲಿ ಅಗಲ ರಸ್ತೆ, ಮನೆಯ ಸುತ್ತ ಜಾಗ, ಹಿಂದೆ ಕನ್ಸರ್‌ವೆನ್ಸಿ ಗಲ್ಲಿ. ಆಮೇಲೆ ಸೈಟಿನ ಬೆಲೆ ಏರಿತು, ಪಾಠ ಮರೆತುಹೋಯಿತು.

ನಮ್ಮ ಯೋಜನೆ ಸರಳವಾಗಿತ್ತು: ನೈಋತ್ಯದಲ್ಲಿ, ಪಶ್ಚಿಮದ ಗೋಡೆಯ ಬುಡದಲ್ಲಿ ಸಿಮೆಂಟ್ ಜಾಲರಿಯ ಕಿಂಡಿ, ಎದುರು ತುದಿಯಲ್ಲಿ, ಶೀಟಿನ ಎತ್ತರದ ಕಡೆ, ಬಿಸಿಗಾಳಿ ಹೋಗಲು ಒಂದು ದಾರಿ. ಆಂಟಿ ಹೌಹಾರಿದರು. "ನೈಋತ್ಯಕ್ಕೆ ತೂತಾ? ಮನೆ ಯಜಮಾನನಿಗೆ ಆಗಲ್ಲ!" ಮುಂಗಾರು ಗಾಳಿ ನಮ್ಮ ದೇಶಕ್ಕೆ ಬರುವುದೇ ನೈಋತ್ಯದಿಂದ, ಅದು ವಾಸ್ತು ಕೇಳಿ ಹೊರಟಿಲ್ಲ ಎನ್ನಬೇಕೆಂದುಕೊಂಡೆ, ಹತ್ತು ತಿಂಗಳ ಅಡ್ವಾನ್ಸು ಅವರ ಬಳಿ ಇತ್ತು. ಮಾವನವರು ಬಾಯಿ ಹಾಕಿದರು: "ಮೂಲೆ ಬಿಟ್ಟು ನಾಲ್ಕಡಿ ವಾಯುವ್ಯದ ಕಡೆ ಸರಿಸೋಣ ತಾಯಿ. ವಾಯುದೇವರ ಕಡೆ ಗಾಳಿಕಿಂಡಿ ಬೇಡ ಅನ್ನೋಕಾಗುತ್ತಾ?" ಶಾಸ್ತ್ರಕ್ಕೆ ಶಾಸ್ತ್ರವೇ ಮದ್ದು. ಆಂಟಿ ಒಪ್ಪಿದರು.

ಮೇಲಿನ ದಾರಿಗೆ ಪೀಣ್ಯದ ಶೆಡ್ಡುಗಳ ಮೇಲೆ ತಿರುಗುವ ಟರ್ಬೊ ವೆಂಟಿಲೇಟರು ತಂದೆವು. ಹೊರಗಿನ ಗಾಳಿ ತಾಕಿದರೆ ತಾನೇ ತಿರುಗಿ ಒಳಗಿನ ಬಿಸಿಯನ್ನು ಎಳೆದುಹಾಕುತ್ತದೆ. ಗಾಳಿ ನಿಂತರೂ ಬಿಸಿ ಮೇಲೇರಿ ಅದರ ರೆಕ್ಕೆಗಳ ಸಂದಿನಿಂದ ಹೊರಬೀಳುತ್ತದೆ. ಕರೆಂಟು ಬೇಡ ಎಂದಾಗ ಆಂಟಿಗೂ ಆಸಕ್ತಿ ಕುದುರಿತು. ಶೀಟಿಗೆ ಸುಣ್ಣ ಬಳಿದೆವು. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ತಂದೆವು. ಸೊಳ್ಳೆ ಜಾಲರಿ ಹೇಗೂ ಗಾಳಿಯ ವೇಗ ತಗ್ಗಿಸುತ್ತದೆ, ಧೂಳು ಕಟ್ಟಿದರೆ ಗೋಡೆಯೇ ಆಗುತ್ತದೆ. ಅದನ್ನು ಬ್ರಷ್ಷಿನಿಂದ ತಿಕ್ಕುವ ಖಾತೆ ನನಗೆ ಬಂತು.

ಗಾಳಿ ಬಂತು. ಕ್ಯಾಲೆಂಡರಿನ ಹಾಳೆಗಳು ಅಲುಗಾಡಿದವು, ಬೂಷ್ಟು ಹಿಂದೆ ಸರಿಯಿತು, ಮಾವನವರು ಒಳಗೆ ಮಲಗಿದರು. ಗಾಳಿ ಬಂದ ದಾರಿಯಲ್ಲಿ ನಮ್ಮ ಮಾತು ಹೊರಗೆ ಹೋಗುತ್ತಿದೆಯೆಂಬುದು, "ನಿನ್ನೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತಂತೆ?" ಎಂದು ಆಂಟಿ ವಿಚಾರಿಸಿದಾಗ ತಿಳಿಯಿತು. ಮುಂದಿನ ತಿಂಗಳು ಅವರು ಬಾಡಿಗೆಯನ್ನು ಐನೂರು ರೂಪಾಯಿ ಏರಿಸಿದರು. ಕಾರಣ ಕೇಳಿದ್ದಕ್ಕೆ, "ಈಗ ಮನೇಲಿ ಗಾಳಿ ಚೆನ್ನಾಗಿದೆಯಲ್ಲಪ್ಪಾ" ಎಂದರು. ಮಾವನವರ ಪ್ರಶ್ನೆಗೆ ಉತ್ತರ ಸಿಕ್ಕಿತು.

ಸಣ್ಣ ಮನೆ ಹುಡುಕುತ್ತಿರುವ ಮಹನೀಯರಲ್ಲಿ ನನ್ನ ವಿನಂತಿ ಇಷ್ಟೆ. ಜೇಬಿನಲ್ಲಿ ಒಂದು ಊದುಬತ್ತಿ, ಬೆಂಕಿಪೊಟ್ಟಣ ಇರಲಿ. ಬಾಗಿಲು ಮುಂದೆ ಮಾಡಿ, ಕಿಟಕಿ ತೆರೆದು, ಮಂಚ ಹಾಕುವ ಜಾಗದಲ್ಲಿ ಊದುಬತ್ತಿ ಹಚ್ಚಿ ಹಿಡಿಯಿರಿ. ದೇವರ ಮೇಲೆ ಭಕ್ತಿಯೆಂದು ಓನರು ಮೆಚ್ಚಿಕೊಳ್ಳುತ್ತಾರೆ. ಹೊಗೆ ಒಂದು ದಿಕ್ಕು ಹಿಡಿದು ಹೊರಗೆ ಹೋದರೆ ಅಡ್ವಾನ್ಸ್ ಕೊಡಿ. ನಿಮ್ಮ ಮೂಗಿನ ಸುತ್ತಲೇ ಸುಳಿದಾಡಿದರೆ ನಮಸ್ಕಾರ ಹೇಳಿ, ಮೆಟ್ಟಿಲಿಳಿದು ಮುಂದಿನ ಟು-ಲೆಟ್ ಬೋರ್ಡು ನೋಡಿ.